ಹುಲ್ಲಿಗೊಂದು ಕಾಗದ

ಹಿಂಗಾರು ಮಳೆ ಎರಡು ಹದ ಬಿದ್ದ ಮೇಲೆ ಚಳ್ಳಕೆರೆಯಿಂದ ನಾಯಕನಹಟ್ಟಿ ಕಡೆಗೆ ಹೋದವರಿಗೆ ಆ ಸೀಮೆಯ ಇನ್ನೊಂದು ಮುಖ ಕಾಣುತ್ತದೆ. ಬೇಸಿಗೆಯಲ್ಲಿ ಕಲ್ಲು, ಗರಸು ಮಣ್ಣು, ಒಣಗಿದ ಮುಳ್ಳುಕಂಟಿ ಬಿಟ್ಟರೆ ಏನೂ ಇಲ್ಲವೆನಿಸುವ ಕಾವಲು ಆಗ ಹುಲ್ಲು ಹೊದ್ದು ಮಲಗಿರುತ್ತದೆ. ಕುರಿ ಹಿಂಡು ಒಳಹೊಕ್ಕರೆ ಬೆನ್ನು ಮಾತ್ರ ಕಾಣುತ್ತದೆ. ಈ ಹುಲ್ಲನ್ನು ಯಾರೂ ಬಿತ್ತಲಿಲ್ಲ, ಯಾರೂ ನೀರು ಹಾಯಿಸಲಿಲ್ಲ. ಹಾಗೆಂದು ಯಾರ ಪಾಲನೆಯೂ ಇಲ್ಲದೆ ಉಳಿಯಿತು ಎನ್ನಲಾಗದು. ಯಾವ ತಿಂಗಳು ಯಾವ ದಿಕ್ಕಿಗೆ ಮಂದೆ ಬಿಡಬೇಕು, ಯಾವ ಜಾಗವನ್ನು ತೆನೆ ಉದುರುವ ತನಕ ಮುಟ್ಟಬಾರದು ಎಂಬ ತಿಳಿವಳಿಕೆ ಹಟ್ಟಿಗಳ ಹಿರಿಯರಲ್ಲಿ, ದೇವರ ಎತ್ತು ಕಾಯುವ ಕಿಲಾರಿಗಳಲ್ಲಿ ತಲೆಮಾರುಗಳಿಂದ ಇಳಿದುಬಂದಿದೆ.

ಇಂಥ ನೆಲವನ್ನು ಉಳಿಸುವ ಕೆಲಸಕ್ಕೆ ಜಗತ್ತಿನಲ್ಲಿ ಹಣ ಇದೆಯೇ ಎಂದು ಕೇಳಿದರೆ, ಇದೆ. ಜಾಗತಿಕ ಪರಿಸರ ನಿಧಿ, ಹಸಿರು ಹವಾಮಾನ ನಿಧಿ, ಹೊಂದಾಣಿಕೆ ನಿಧಿ, ವಿಶ್ವಬ್ಯಾಂಕ್ ಎಂದು ಹೆಸರುಗಳ ಸಾಲೇ ಇದೆ. 2022ರಿಂದ 2026ರ ನಾಲ್ಕು ವರ್ಷಕ್ಕೆ ಜಾಗತಿಕ ಪರಿಸರ ನಿಧಿಯೊಂದಕ್ಕೇ 29 ದೇಶಗಳು 533 ಕೋಟಿ ಡಾಲರ್ ಕೊಡುವುದಾಗಿ ಒಪ್ಪಿದ್ದವು. ನೆಲ ಬರಡಾಗುವುದನ್ನು ತಡೆಯುವುದು, ಜೀವವೈವಿಧ್ಯ ಕಾಯುವುದು ಎರಡೂ ಆ ನಿಧಿಯ ಮುಖ್ಯ ಕೆಲಸಗಳು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಾದ ಚಳ್ಳಕೆರೆ, ಮೊಳಕಾಲ್ಮುರುಗಳಿಗಿಂತ ಅದಕ್ಕೆ ಹೊಂದುವ ಜಾಗ ಎಲ್ಲಿದೆ ಎನ್ನಿಸುತ್ತದೆ. ಆದರೂ ಒಂದು ಹಟ್ಟಿಯ ಜನ ಸಂಘ ಕಟ್ಟಿಕೊಂಡು ಆ ಹಣ ಕೇಳಲು ಹೊರಟರೆ ಏನಾಗುತ್ತದೆ? ಅದನ್ನು ಹೆಜ್ಜೆ ಹೆಜ್ಜೆಯಾಗಿ ನೋಡುವುದೇ ಈ ಬರಹದ ಕೆಲಸ. ಅರ್ಹತೆ ಎಂಬ ಒಂದು ಮಾತಿನೊಳಗೆ ಎಷ್ಟು ಬಾಗಿಲುಗಳಿವೆ, ಯಾವ ಬಾಗಿಲಿನ ಕೀಲಿ ದೆಹಲಿಯಲ್ಲಿದೆ, ಯಾವುದು ಪಂಚಾಯಿತಿ ಕಚೇರಿಯ ಬೀರುವಿನಲ್ಲಿದೆ ಎಂಬುದು ಗೊತ್ತಾಗದೆ ನಮ್ಮ ಎಷ್ಟೋ ಒಳ್ಳೆಯ ಸಂಘಗಳು ಮೊದಲ ಹೊಸ್ತಿಲಲ್ಲೇ ಕುಳಿತುಬಿಟ್ಟಿವೆ.

ಒಂದು ಹಟ್ಟಿ ಎಂದುಕೊಳ್ಳೋಣ. ಊರ ಪಕ್ಕದ ಇನ್ನೂರು ಎಕರೆ ಕಾವಲಿನಲ್ಲಿ ಬಳ್ಳಾರಿ ಜಾಲಿ ಹಬ್ಬಿದೆ. ಅದನ್ನು ಬೇರುಸಹಿತ ತೆಗೆದು, ಮೊದಲಿದ್ದ ಹುಲ್ಲು ಮರಳಿ ಬರುವಂತೆ ಮಾಡಬೇಕು, ಮೂರು ವರ್ಷ ಸರದಿಯ ಮೇಲೆ ಮೇಯಿಸಬೇಕು ಎಂಬುದು ಅವರ ಯೋಜನೆ. ಕೆಲಸ ಸ್ಪಷ್ಟವಾಗಿದೆ, ಜನ ಒಪ್ಪಿದ್ದಾರೆ.

ಮೊದಲ ಬಾಗಿಲು ದೇಶದ್ದು. ಹಟ್ಟಿಗೆ ಅದರ ಚಿಂತೆ ಬೇಡ, ಏಕೆಂದರೆ ಅದು ಈಗಾಗಲೇ ತೆರೆದಿದೆ. ಜಾಗತಿಕ ಪರಿಸರ ನಿಧಿಯ ಹಣ ಪಡೆಯಬೇಕಾದರೆ ದೇಶವು ಸಂಬಂಧಿಸಿದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿರಬೇಕು, ಇಲ್ಲವೇ ವಿಶ್ವಬ್ಯಾಂಕಿನ ಸಾಲಕ್ಕೋ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿಗೋ ಅರ್ಹವಾಗಿರಬೇಕು. ಭಾರತ 1993ರಲ್ಲಿ ಹವಾಮಾನ ಒಪ್ಪಂದವನ್ನು, 1994ರಲ್ಲಿ ಜೀವವೈವಿಧ್ಯ ಒಪ್ಪಂದವನ್ನು, 1996ರಲ್ಲಿ ಮರುಭೂಮೀಕರಣ ತಡೆ ಒಪ್ಪಂದವನ್ನು ಅನುಮೋದಿಸಿದೆ. ಯೋಜನೆ ದೇಶದ ಆದ್ಯತೆಗೆ ಹೊಂದುತ್ತದೆ ಎಂದು ಕೇಂದ್ರ ಪರಿಸರ ಸಚಿವಾಲಯದಲ್ಲಿರುವ ನಿಗದಿತ ಅಧಿಕಾರಿ ಸಹಿ ಹಾಕಬೇಕು. ದೊಡ್ಡ ಯೋಜನೆಗಳ ಮಟ್ಟಿಗೆ ಆ ಸಹಿ ಇಲ್ಲದೆ ಕಡತ ಕದಲುವುದಿಲ್ಲ.

ಎರಡನೇ ಬಾಗಿಲ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ನಮ್ಮವರು ಬರೆದ ಅರ್ಜಿಗಳು ಸೋಲುವುದು ಹೆಚ್ಚಾಗಿ ಇಲ್ಲೇ. ಜಾಗತಿಕ ಪರಿಸರ ನಿಧಿ ಯೋಜನೆಯ ಪೂರ್ತಿ ಖರ್ಚನ್ನು ಕೊಡುವುದಿಲ್ಲ, ಹೆಚ್ಚುವರಿ ಖರ್ಚನ್ನು ಮಾತ್ರ ಕೊಡುತ್ತದೆ. ಹೆಚ್ಚುವರಿ ಎಂದರೆ ಯಾವುದಕ್ಕಿಂತ ಹೆಚ್ಚುವರಿ? ಒಂದು ಕೆರೆಯ ಹೂಳೆತ್ತುತ್ತೀರಿ ಎನ್ನಿ. ಊರಿಗೆ ನೀರು, ಹೊಲಕ್ಕೆ ಗೋಡು. ಆ ಲಾಭ ಊರಿನದು, ಆದ್ದರಿಂದ ಅದರ ಖರ್ಚು ಊರಿನದು, ಸರ್ಕಾರದ್ದು. ಅದೇ ಕೆರೆಯ ಅಂಚಿನಲ್ಲಿ ವಲಸೆ ಹಕ್ಕಿಗಳು ಇಳಿಯುವಂತೆ ಜೊಂಡು ಉಳಿಸಿ, ಹಿನ್ನೀರಿನ ದಿಬ್ಬದಲ್ಲಿ ಸ್ಥಳೀಯ ಗಿಡಗಂಟಿ ಬೆಳೆಸಿದರೆ ಅದರ ಲಾಭ ಊರ ಗಡಿ ದಾಟುತ್ತದೆ. ಆ ಎರಡನೆಯ ಕೆಲಸಕ್ಕೆ ತಗಲುವ ಖರ್ಚು ಮಾತ್ರ ನಿಧಿಯ ಲೆಕ್ಕಕ್ಕೆ ಬರುತ್ತದೆ. ನಮ್ಮ ಹಟ್ಟಿಯ ಅರ್ಜಿಯಲ್ಲಿ ಬರಗಾಲದಲ್ಲಿ ದೇವರ ಎತ್ತುಗಳಿಗೆ ಮೇವು ಬೇಕು ಎಂದಷ್ಟೇ ಬರೆದರೆ, ಓದುವವರ ಮನಸ್ಸು ಕರಗಿದರೂ ಹಣ ಬರುವುದಿಲ್ಲ. ಮೇವಿನ ಕೊರತೆ ಸ್ಥಳೀಯ ಕಷ್ಟ. ಇದೇ ಹುಲ್ಲು ಕೃಷ್ಣಮೃಗಕ್ಕೆ ನೆಲೆ, ನೆಲದಲ್ಲಿ ಇಂಗಾಲ ಹಿಡಿದಿಡುವ ಬೇರಿನ ಜಾಲ, ಒಣನೆಲದ ಹಕ್ಕಿಗಳು ಮೊಟ್ಟೆಯಿಡುವ ಜಾಗ ಎಂದು ತೋರಿಸಿದರೆ ಆಗ ಅದೇ ಇನ್ನೂರು ಎಕರೆ ಜಗತ್ತಿನ ಆಸ್ತಿಯಾಗುತ್ತದೆ. ಮೇವು ಅದರ ಜೊತೆಗೆ ಬರುವ ಲಾಭವಾಗುತ್ತದೆ.

ಇದು ಮಾತಿನ ಚಮತ್ಕಾರ ಎಂದು ಕೆಲವರು ಬೇಸರಪಡುವುದನ್ನು ಕೇಳಿದ್ದೇನೆ. ನನಗೆ ಹಾಗನ್ನಿಸುವುದಿಲ್ಲ. ಹಟ್ಟಿಯ ಹಿರಿಯರು ಕಾಯ್ದುಕೊಂಡು ಬಂದದ್ದು ಮೇವನ್ನಷ್ಟೇ ಅಲ್ಲವೆಂಬುದು ನಿಜವೇ ತಾನೆ? ಹೇಳದೆ ಉಳಿದಿದ್ದ ನಿಜವನ್ನು ಹೇಳುವುದರಲ್ಲಿ ತಪ್ಪೇನಿದೆ?

ಹೊಂದಾಣಿಕೆ ನಿಧಿಯ ಲೆಕ್ಕ ಇದಕ್ಕಿಂತ ಬೇರೆ. ಕ್ಯೋಟೊ ಒಪ್ಪಂದದ ಅಡಿಯಲ್ಲಿ ಹುಟ್ಟಿದ ಆ ನಿಧಿ, ಹವಾಮಾನ ಬದಲಾವಣೆಗೆ ಜನ ಹೊಂದಿಕೊಳ್ಳಲು ಬೇಕಾದ ಪೂರ್ತಿ ಖರ್ಚನ್ನು ಕೊಡಲು ಸಿದ್ಧ. ಮಳೆಯ ಲಯ ತಪ್ಪಿ ಶೇಂಗಾ ಕೈಕೊಟ್ಟಾಗ ಕುರಿ ಸಾಕಣೆಯೇ ಆಸರೆಯಾಗುವ ಈ ಸೀಮೆಗೆ ಅದು ಹೆಚ್ಚು ಹತ್ತಿರದ ಬಾಗಿಲು. ಆದರೆ ಅಲ್ಲಿ ಸಂಘ ನೇರವಾಗಿ ಅರ್ಜಿ ಹಾಕುವಂತಿಲ್ಲ. ಭಾರತದಲ್ಲಿ ಆ ನಿಧಿಯ ಮಾನ್ಯತೆ ಇರುವುದು ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕಾದ ನಬಾರ್ಡ್‌ಗೆ, 2012ರಿಂದ. ಸಂಘವೋ ಸ್ವಯಂಸೇವಾ ಸಂಸ್ಥೆಯೋ ನಬಾರ್ಡ್ ಮೂಲಕ ಹೋಗಿ, ಕೆಲಸ ನಡೆಸುವ ಸಂಸ್ಥೆಯಾಗಿ ನಿಲ್ಲಬೇಕು. ಆಂಧ್ರದ ಕರಾವಳಿಯಲ್ಲಿ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನ ಹೀಗೆಯೇ ನಿಂತಿತು. ಹಸಿರು ಹವಾಮಾನ ನಿಧಿಗೂ ಇದೇ ದಾರಿ. ದಕ್ಷಿಣ ಕೊರಿಯಾದ ಸೊಂಗ್ಡೊದಲ್ಲಿ ಕಚೇರಿ ಇರುವ ಆ ನಿಧಿ ನಬಾರ್ಡ್‌ಗೆ ಮಾನ್ಯತೆ ಕೊಟ್ಟದ್ದು 2015ರಲ್ಲಿ. ಅಲ್ಲಿ ಒಂದು ಕೋಟಿ ಡಾಲರಿನ ಒಳಗಿನ ಯೋಜನೆಗೆ ಅತಿ ಸಣ್ಣದು ಎಂದು ಹೆಸರು. ಇನ್ನೂರು ಎಕರೆ ಕಾವಲು ಆ ತಕ್ಕಡಿಯಲ್ಲಿ ತೂಗುವುದೇ ಇಲ್ಲ. ಜಿಲ್ಲೆಗಳನ್ನೇ ಒಟ್ಟುಗೂಡಿಸಿ ಕಟ್ಟಿದ ಯೋಜನೆಯೊಳಗೆ ಒಂದು ಮೂಲೆಯಾಗಿ ಸೇರಿಕೊಂಡರೆ ಮಾತ್ರ ಅಲ್ಲಿ ಜಾಗ.

ಹಾಗಾದರೆ ಹಟ್ಟಿ ತನ್ನ ಹೆಸರಿನಲ್ಲೇ ತಟ್ಟಬಹುದಾದ ಬಾಗಿಲು ಯಾವುದು? ಜಾಗತಿಕ ಪರಿಸರ ನಿಧಿಯ ಸಣ್ಣ ಅನುದಾನ ಕಾರ್ಯಕ್ರಮ. ರಿಯೊ ಭೂಶೃಂಗಸಭೆ ನಡೆದ 1992ರಲ್ಲೇ ಶುರುವಾದ ಇದನ್ನು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ನಡೆಸುತ್ತದೆ. ಭಾರತದಲ್ಲಿ ಬಹುಕಾಲ ಪರಿಸರ ಶಿಕ್ಷಣ ಕೇಂದ್ರ ಇದನ್ನು ನೋಡಿಕೊಂಡಿತು, ನಂತರ ಟೆರಿ ಸಂಸ್ಥೆಗೆ ಬಂತು. ಸಮುದಾಯ ಸಂಘಟನೆಗಳಿಗೆ, ಸ್ವಯಂಸೇವಾ ಸಂಸ್ಥೆಗಳಿಗೆ ಮೀಸಲಾದ ಈ ಅನುದಾನದ ಸಾಮಾನ್ಯ ಮಿತಿ ಬಹುಕಾಲ 50,000 ಡಾಲರ್ ಇತ್ತು. ರೂಪಾಯಿಯಲ್ಲಿ 40 ಲಕ್ಷದ ಮೇಲೆ. ಅರ್ಜಿಗಳನ್ನು ತೀರ್ಮಾನಿಸುವ ರಾಷ್ಟ್ರೀಯ ಸಮಿತಿಯಲ್ಲಿ ಸರ್ಕಾರದ ಹೊರಗಿನವರೇ ಹೆಚ್ಚಿರಬೇಕು ಎಂಬ ನಿಯಮ ಇದರ ದೊಡ್ಡ ಗುಣ. ಸಂಘ ನೋಂದಾಯಿತವಾಗಿರಬೇಕು, ಲೆಕ್ಕಪತ್ರ ಇಟ್ಟಿರಬೇಕು, ಕೆಲಸ ನಿಧಿಯ ವಿಷಯಗಳಲ್ಲೊಂದಕ್ಕೆ ಸೇರಬೇಕು, ಸಂಘದ ಪಾಲೂ ಇರಬೇಕು. ಈ ಪಾಲಿನ ಮಾತು ಕೇಳಿ ಹೆದರುವ ಸಂಘಗಳಿವೆ. ಹೆದರಬೇಕಿಲ್ಲ. ಪಾಲು ದುಡ್ಡಿನಲ್ಲೇ ಇರಬೇಕೆಂದಿಲ್ಲ, ಜನರ ದುಡಿಮೆಯೂ ಪಾಲಾಗುತ್ತದೆ. ಜಾಲಿ ಕಡಿಯಲು ಮನೆಗೊಬ್ಬರಂತೆ ಬಂದ ದಿನಗಳನ್ನು ಹಾಜರಿ ಪುಸ್ತಕದಲ್ಲಿ ಬರೆದಿಟ್ಟರೆ ಅದು ಲೆಕ್ಕ. ನಾಯಕನಹಟ್ಟಿಯ ಸುತ್ತ ಸಂತ ತಿಪ್ಪೇರುದ್ರಸ್ವಾಮಿ ಕಟ್ಟಿಸಿದರೆಂದು ಜನ ನಂಬುವ ಐದು ಕೆರೆಗಳಿವೆ. ದುಡಿದವನಿಗೆ ದುಡಿದಷ್ಟು ಎಂಬ ಅಳತೆಯಲ್ಲಿ ಕೂಲಿ ಹಂಚಿದ ಕತೆಯನ್ನು ಅಲ್ಲಿನ ಮಕ್ಕಳೂ ಬಲ್ಲರು. ದುಡಿಮೆಯನ್ನು ಅಳೆಯುವುದು ಆ ಸೀಮೆಗೆ ಹೊಸದಲ್ಲ. ಬರೆದಿಡುವುದನ್ನಷ್ಟೇ ಕಲಿಯಬೇಕು.

ಇನ್ನೊಂದು ಜಾತಿಯ ಅರ್ಹತೆ ಇದೆ. ಅದು ಭೂಪಟದ್ದು. ಪಶ್ಚಿಮ ಘಟ್ಟಗಳಿಗೆ 2008ರಿಂದ 2015ರವರೆಗೆ ಒಂದು ಅಂತರರಾಷ್ಟ್ರೀಯ ಪಾಲುದಾರಿಕೆ ನಿಧಿ ಹಣ ಕೊಟ್ಟಿತು. ನಮ್ಮ ಬೆಂಗಳೂರಿನ ಏಟ್ರೀ ಸಂಸ್ಥೆಯೇ ಅದರ ಪ್ರಾದೇಶಿಕ ಹೊಣೆ ಹೊತ್ತಿತ್ತು. ಕೊಡಗು, ಶಿವಮೊಗ್ಗ, ಉತ್ತರ ಕನ್ನಡದ ಸಂಘಗಳಿಗೆ ದಾರಿ ಸಿಕ್ಕಿತು. ಘಟ್ಟದಿಂದ ಮೂಡಲಿಗಿರುವ ಚಿತ್ರದುರ್ಗದ ಬಯಲು ಆ ಗೆರೆಯ ಹೊರಗೆ. ಜಾಗತಿಕ ಪರಿಸರ ನಿಧಿಯ ಹಣದಿಂದ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಭಾರತದಲ್ಲಿ ನಡೆಸಿದ ಹಸಿರು ಕೃಷಿ ಯೋಜನೆ ಐದು ರಾಜ್ಯಗಳಿಗೆ ಬಂತು. ರಾಜಸ್ಥಾನದಲ್ಲಿ ಅದು ಆರಿಸಿಕೊಂಡದ್ದು ಹೆಬ್ಬಕ ಹಕ್ಕಿ ಉಳಿದಿರುವ ಮರುಭೂಮಿ ರಾಷ್ಟ್ರೀಯ ಉದ್ಯಾನದ ಸುತ್ತಲಿನ ನೆಲವನ್ನು. ನಮ್ಮಲ್ಲೂ ಈ ಬಯಲುಗಳಲ್ಲಿ ಹೆಬ್ಬಕ ಓಡಾಡಿತ್ತು. ಎರೆಭೂತ ಎಂದು ಅದನ್ನು ಕರೆಯುವ ಹಿರಿಯರಿದ್ದರು. ಈಗ ಕರ್ನಾಟಕದಲ್ಲಿ ಅದರ ಕೊನೆಯ ಆಸರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಹೊಲಗಳು. ಹಕ್ಕಿ ಹೋದ ಮೇಲೆ ಹಕ್ಕಿಯ ಹೆಸರಿನಲ್ಲಿ ಬರುವ ಹಣವೂ ಹೋಗುತ್ತದೆ. ಹುಲ್ಲುಗಾವಲನ್ನು ಬೇಗ ಉಳಿಸಬೇಕೆನ್ನಲು ಇದಕ್ಕಿಂತ ದೊಡ್ಡ ಕಾರಣ ನನಗೆ ಬೇರೆ ಕಾಣದು.

ಗಿಡ ನೆಡುವ ಹಣದ ಬಗ್ಗೆ ಮಾತ್ರ ಎಚ್ಚರ ಬೇಕು. ಕ್ಯೋಟೊ ಒಪ್ಪಂದದ ಇಂಗಾಲ ಯೋಜನೆಗಳಲ್ಲಿ ಅರಣ್ಯೀಕರಣಕ್ಕೆ ಇದ್ದ ಅರ್ಹತೆ ಏನೆಂದರೆ, ಆ ನೆಲ ಕನಿಷ್ಠ 50 ವರ್ಷ ಕಾಡಾಗಿರಬಾರದು. ಮರು ಅರಣ್ಯೀಕರಣಕ್ಕಾದರೆ 1989ರ ಡಿಸೆಂಬರ್ 31ರಂದು ಅಲ್ಲಿ ಕಾಡು ಇರಬಾರದು. ಈ ನಿಯಮವನ್ನು ಕಾವಲಿನಲ್ಲಿ ನಿಂತು ಓದಿ ನೋಡಿ. ಮರವಿಲ್ಲದ್ದರಿಂದಲೇ ಸೊಗಸಾಗಿರುವ ಹುಲ್ಲುಗಾವಲು ಗಿಡ ನೆಡಲು ಅತ್ಯುತ್ತಮ ಜಾಗವಾಗಿ ಕಾಣುತ್ತದೆ. ಬರಡು, ಬಂಜರು ಎಂದು ಕಂದಾಯದ ಪುಸ್ತಕದಲ್ಲಿ ಬರೆದ ಪದವೂ ಅದಕ್ಕೆ ಸೇರಿಕೊಳ್ಳುತ್ತದೆ. ಬಳ್ಳಾರಿ ಜಾಲಿ ಈ ಸೀಮೆಗೆ ಬಂದದ್ದೂ ಒಣನೆಲವನ್ನು ಹಸಿರು ಮಾಡುವ ಒಳ್ಳೆಯ ಉದ್ದೇಶದಿಂದಲೇ. ಅದು ಹುಲ್ಲನ್ನು ನುಂಗಿತು. ಆದ್ದರಿಂದ ಹಣ ಕೊಡುವವರ ಅರ್ಹತೆಯನ್ನು ಹಟ್ಟಿಯೂ ಪರೀಕ್ಷಿಸಬೇಕು. ಹುಲ್ಲನ್ನು ಹುಲ್ಲಾಗಿಯೇ ಒಪ್ಪದ ಹಣ ಕಾವಲಿಗೆ ಬೇಡ.

ಮುಂದಿನ ಬಾಗಿಲು ನಮ್ಮ ದೇಶದ್ದೇ ಕಾನೂನು. ಹೊರದೇಶದ ಮೂಲದಿಂದ ಹಣ ಪಡೆಯುವ ಯಾವ ಸಂಸ್ಥೆಯೂ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ಅಡಿಯಲ್ಲಿ ನೋಂದಣಿ ಮಾಡಿಸಿರಬೇಕು ಅಥವಾ ಪೂರ್ವಾನುಮತಿ ಪಡೆದಿರಬೇಕು. ನೋಂದಣಿಗೆ ಸಂಸ್ಥೆ ಹುಟ್ಟಿ ಮೂರು ವರ್ಷವಾಗಿರಬೇಕು, ಕಳೆದ ಮೂರು ಹಣಕಾಸು ವರ್ಷಗಳಲ್ಲಿ ತನ್ನ ಉದ್ದೇಶಕ್ಕಾಗಿ ಕನಿಷ್ಠ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಸರ್ಕಾರದ ದರ್ಪಣ್ ಜಾಲತಾಣದ ಗುರುತು ಸಂಖ್ಯೆ ಬೇಕು, ಪದಾಧಿಕಾರಿಗಳ ಆಧಾರ್ ಬೇಕು. 2020ರ ತಿದ್ದುಪಡಿಯಾದ ಮೇಲೆ ಹೊರಗಿನ ಹಣ ಮೊದಲು ಬಂದು ಬೀಳಬೇಕಾದದ್ದು ದೆಹಲಿಯ ಸಂಸದ್ ಮಾರ್ಗದಲ್ಲಿರುವ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೆ. ಅಲ್ಲಿಂದ ಊರಿನ ಬ್ಯಾಂಕಿನ ಖಾತೆಗೆ ತಂದುಕೊಳ್ಳಬಹುದು. ಆಡಳಿತ ವೆಚ್ಚಕ್ಕೆ ಮೊದಲು ಅರ್ಧದಷ್ಟು ಬಳಸಬಹುದಿತ್ತು, ಈಗ ನೂರಕ್ಕೆ 20 ಮಾತ್ರ. ನೋಂದಣಿ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು.

ಇವೆಲ್ಲಕ್ಕಿಂತ ಹಟ್ಟಿಗೆ ಹೆಚ್ಚು ತಟ್ಟುವುದು ಅದೇ ತಿದ್ದುಪಡಿಯ ಇನ್ನೊಂದು ಮಾತು. ವಿದೇಶಿ ವಂತಿಗೆ ಪಡೆದ ಸಂಸ್ಥೆ ಅದನ್ನು ಮತ್ತೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಮೊದಲು ಬೆಂಗಳೂರಿನ ದೊಡ್ಡ ಸಂಸ್ಥೆಯೊಂದು ಹಣ ತಂದು ತಾಲ್ಲೂಕಿನ ಹತ್ತು ಸಣ್ಣ ಸಂಘಗಳಿಗೆ ಹಂಚುವ ದಾರಿ ಇತ್ತು. ಆ ದಾರಿ ಮುಚ್ಚಿತು. ಹೊರಗಿನ ಹಣದ ದುರುಪಯೋಗ ತಡೆಯುವುದು ಸರ್ಕಾರದ ಹಕ್ಕು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮೂರು ವರ್ಷದಲ್ಲಿ 15 ಲಕ್ಷ ಖರ್ಚು ಮಾಡಲು ಶಕ್ತಿಯಿಲ್ಲದ ಕುರಿಗಾಹಿಗಳ ಸಂಘಕ್ಕೆ ದೊಡ್ಡವರ ಹೆಗಲೇ ಏಣಿಯಾಗಿತ್ತು ಎಂಬುದನ್ನು ಮರೆಯಬಾರದಿತ್ತು.

ಈ ಕಾನೂನಿನೊಳಗೇ ಒಂದು ಕಿಂಡಿಯೂ ಇದೆ, ಸಂಘಗಳಿಗೆ ಅದು ಗೊತ್ತಿರಬೇಕು. ವಿದೇಶಿ ಮೂಲ ಎಂಬುದಕ್ಕೆ ಕಾಯ್ದೆ ಕೊಟ್ಟ ವ್ಯಾಖ್ಯೆಯಿಂದ ವಿಶ್ವಸಂಸ್ಥೆ, ಅದರ ವಿಶೇಷ ಸಂಸ್ಥೆಗಳು, ವಿಶ್ವಬ್ಯಾಂಕ್ ಹೊರಗಿವೆ. ಸಣ್ಣ ಅನುದಾನದಂಥ ಬಾಗಿಲು ಹಳ್ಳಿಯ ಸಂಘಕ್ಕೆ ಹತ್ತಿರವೆನಿಸಲು ಇದೂ ಒಂದು ಕಾರಣ. ಯಾವ ಹಣ ಯಾರ ಕೈಯಿಂದ ಬರುತ್ತಿದೆ ಎಂಬುದನ್ನು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಒಬ್ಬ ಒಳ್ಳೆಯ ಲೆಕ್ಕಪರಿಶೋಧಕರಿಗೆ ತೋರಿಸಿ ಖಾತ್ರಿ ಮಾಡಿಕೊಳ್ಳುವುದು ಮಾತ್ರ ತಪ್ಪಬಾರದು.

ವಿಶ್ವಬ್ಯಾಂಕಿನ ಹಣವಂತೂ ಈ ಸೀಮೆಗೆ ಆಗಲೇ ಬಂದು ಹೋಗಿದೆ. 2001ರಲ್ಲಿ ಶುರುವಾದ ಸುಜಲ ಜಲಾನಯನ ಯೋಜನೆಯ ಐದು ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಒಂದು. ಕೋಲಾರ, ತುಮಕೂರು, ಹಾವೇರಿ, ಧಾರವಾಡ ಉಳಿದವು. ಅದರ ಬೆನ್ನಿಗೇ ಜಲ ಸಂವರ್ಧನೆ ಯೋಜನಾ ಸಂಘದ ಮೂಲಕ ಕೆರೆಗಳ ಕೆಲಸ ಬಂತು, ಕೆರೆ ಬಳಕೆದಾರರ ಸಂಘಗಳು ಹುಟ್ಟಿದವು. ಅಲ್ಲಿ ಹಳ್ಳಿ ಅರ್ಜಿ ಹಾಕಲಿಲ್ಲ. ಸಾಲ ಪಡೆದದ್ದು ಸರ್ಕಾರ, ಷರತ್ತು ಒಪ್ಪಿದ್ದು ಸರ್ಕಾರ, ಹಳ್ಳಿಯನ್ನು ಆರಿಸಿದ್ದೂ ಸರ್ಕಾರ. ಹಳ್ಳಿಯ ಪಾಲಿಗೆ ಬಂದ ಅರ್ಹತೆ ಎಂದರೆ ಸಂಘ ಕಟ್ಟುವುದು, ವಂತಿಗೆ ಕೊಡುವುದು, ಕೆಲಸ ಮುಗಿದ ಮೇಲೆ ನೋಡಿಕೊಳ್ಳುವುದು. ಸಭೆಯ ನಡಾವಳಿ ಬರೆಯುವುದನ್ನು, ರಸೀದಿ ಜೋಡಿಸುವುದನ್ನು ಆ ವರ್ಷಗಳಲ್ಲಿ ಕಲಿತ ಹೆಣ್ಣುಮಕ್ಕಳು ಆ ಜಿಲ್ಲೆಗಳ ಹಳ್ಳಿಗಳಲ್ಲಿದ್ದಾರೆ. ಅವರು ಇಂದಿನ ಅರ್ಜಿಗೆ ದೊಡ್ಡ ಆಸ್ತಿ.

ಈಗ ಎಲ್ಲಕ್ಕಿಂತ ಕಷ್ಟದ ಬಾಗಿಲಿಗೆ ಬರೋಣ. ಈ ಇನ್ನೂರು ಎಕರೆ ಯಾರದು?

ಪ್ರತಿಯೊಂದು ನಿಧಿಯೂ ಇದನ್ನು ಕೇಳುತ್ತದೆ. ಭೂಮಿಯ ಮೇಲೆ ಹಕ್ಕು ಯಾರಿಗೆ, ವ್ಯಾಜ್ಯ ಇದೆಯೇ, ಅಲ್ಲಿ ಮೇಯಿಸುವವರ ಒಪ್ಪಿಗೆ ಸಿಕ್ಕಿದೆಯೇ, ಯೋಜನೆ ಮುಗಿದ ಮೇಲೆ ನೆಲ ಕೈತಪ್ಪುವುದಿಲ್ಲ ಎಂಬುದಕ್ಕೆ ಆಧಾರವೇನು. ಬೇರೆ ಕಡೆ ಒಂದು ಪಹಣಿ ತೆಗೆದು ತೋರಿಸಿದರೆ ಮುಗಿಯುವ ಮಾತು ಚಳ್ಳಕೆರೆಯಲ್ಲಿ ಮುಗಿಯುವುದಿಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯ ದನಗಳಿಗಾಗಿ ಮೀಸಲಾದ ಹುಲ್ಲುಗಾವಲುಗಳು, ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆದು, ಆಮೇಲೆ ಬ್ರಿಟಿಷ್ ಸೈನ್ಯದ ಬಂಡಿ ಎಳೆಯುವ ಎತ್ತುಗಳನ್ನು ಸಾಕಿದವು. ಆ ಎಲ್ಲ ಕಾಲದಲ್ಲೂ ಸುತ್ತಲ ಹಟ್ಟಿಗಳ ದನ ಕುರಿ ಅಲ್ಲಿ ಮೇಯುತ್ತಲೇ ಇದ್ದವು. ಮೇಯಿಸಿದ್ದು ಜನ, ದಾಖಲೆಯಲ್ಲಿ ಉಳಿದದ್ದು ಸರ್ಕಾರದ ಹೆಸರು.

ಅದರ ಫಲ ಕಂಡದ್ದು 2008ರ ನಂತರದ ವರ್ಷಗಳಲ್ಲಿ. ಚಳ್ಳಕೆರೆ ತಾಲ್ಲೂಕಿನ ವರವು ಕಾವಲು, ಖುದಾಪುರ ಕಾವಲು, ಉಳ್ಳಾರ್ತಿ ಕಾವಲುಗಳ ಸುಮಾರು 10,000 ಎಕರೆ ಬೇರೆ ಬೇರೆ ಸಂಸ್ಥೆಗಳಿಗೆ ಹಂಚಿಕೆಯಾಯಿತು. ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ, ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573. ದೇಶಕ್ಕೆ ಬೇಕಾದ ಕೆಲಸಗಳೇ ಅಲ್ಲಿ ನಡೆಯುತ್ತಿವೆ. 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾದ ವೈಮಾನಿಕ ಪರೀಕ್ಷಾ ವಲಯದ ಓಡುದಾರಿಯ ಮೇಲೆ ಇಸ್ರೋದ ಮರುಬಳಕೆಯ ಉಡಾವಣಾ ವಾಹನ 2023ರಲ್ಲೂ 2024ರಲ್ಲೂ ತಾನಾಗಿ ಬಂದಿಳಿಯಿತು. ಆದರೆ ಗೋಡೆ ಎದ್ದಾಗ ಹಟ್ಟಿಗಳ ಕೈಯಲ್ಲಿ ತಮ್ಮ ಬಳಕೆಯನ್ನು ತೋರಿಸುವ ಒಂದು ಕಾಗದವೂ ಇರಲಿಲ್ಲ. ಹೋರಾಟ ಹಸಿರು ನ್ಯಾಯಮಂಡಳಿಗೆ ಹೋಯಿತು. ಲಿಯೊ ಸಲ್ಡಾನಾ ಅವರ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಜನರ ಜೊತೆ ನಿಂತಿತು. 2014ರ ಆಗಸ್ಟ್‌ನಲ್ಲಿ ಬಂದ ತೀರ್ಪು ಷರತ್ತುಗಳೊಡನೆ ಯೋಜನೆಗಳನ್ನು ಮುಂದುವರಿಯಲು ಬಿಟ್ಟಿತು.

ಆ ಇತಿಹಾಸವನ್ನು ಇಲ್ಲಿ ತಂದದ್ದು ಗಾಯ ಕೆದಕಲು ಅಲ್ಲ. ಬಳಕೆಗೆ ದಾಖಲೆ ಇಲ್ಲದಿದ್ದರೆ ನೆಲವನ್ನು ಕಾಯಲೂ ಆಗದು, ಕಾಯುವ ಕೆಲಸಕ್ಕೆ ಹಣ ಕೇಳಲೂ ಆಗದು. ಎರಡಕ್ಕೂ ಬೇಕಾದ ಕಾಗದ ಒಂದೇ ಎಂಬುದು ನನಗೆ ಬಹಳ ದಿನ ಹೊಳೆದಿರಲಿಲ್ಲ.

ಈ ವಿಷಯದಲ್ಲಿ ಅಂತರರಾಷ್ಟ್ರೀಯ ನಿಯಮಗಳು ನಮ್ಮ ಕಡತಗಳಿಗಿಂತ ಉದಾರವಾಗಿವೆ. 2018ರ ಅಕ್ಟೋಬರ್‌ನಿಂದ ಜಾರಿಗೆ ಬಂದ ವಿಶ್ವಬ್ಯಾಂಕಿನ ಪರಿಸರ ಮತ್ತು ಸಾಮಾಜಿಕ ಚೌಕಟ್ಟು ಮೂಲನಿವಾಸಿ ಸಮುದಾಯ ಯಾವುದೆಂದು ಗುರುತಿಸಲು ಸರ್ಕಾರದ ಪಟ್ಟಿಯನ್ನು ಕೇಳುವುದಿಲ್ಲ, ಲಕ್ಷಣಗಳನ್ನು ಕೇಳುತ್ತದೆ. ತಾವು ಬೇರೆಯೇ ಸಮುದಾಯ ಎಂಬ ಗುರುತು, ಒಂದು ನೆಲದೊಡನೆ ಸಾಮೂಹಿಕ ನಂಟು, ತಮ್ಮದೇ ಸಾಂಪ್ರದಾಯಿಕ ಸಂಸ್ಥೆಗಳು, ತಮ್ಮದೇ ನುಡಿ ಅಥವಾ ನುಡಿಯ ಬಗೆ. ನೆಲದ ನಂಟು ಎನ್ನುವಾಗ ವರ್ಷದ ಕೆಲವು ತಿಂಗಳು ಮಾತ್ರ ಬಳಸುವ ಜಾಗವೂ ಅದರಲ್ಲಿ ಸೇರುತ್ತದೆ. ಈ ಸೀಮೆಯ ಮ್ಯಾಸಬೇಡರ ಗುಡಿಕಟ್ಟು, ಕಟ್ಟೆಮನೆಗಳೆಂಬ ಸಾಂಪ್ರದಾಯಿಕ ಸಂಸ್ಥೆಗಳನ್ನು ಬಲ್ಲವರಿಗೆ ಈ ಸಾಲುಗಳು ತಮ್ಮ ಊರಿನ ವರ್ಣನೆಯಂತೆ ಕೇಳಿಸಬೇಕು. ಮ್ಯಾಸಬೇಡರು ನಾಯಕರಾಗಿ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ. ಪಂಗಡದ ಪಟ್ಟಿಗೆ ಸೇರಲು ಬಹುಕಾಲದಿಂದ ಕೇಳುತ್ತಿರುವ ಕಾಡುಗೊಲ್ಲರಿಗೂ ಕಟ್ಟೆಮನೆ ಇದೆ, ಹಟ್ಟಿ ಇದೆ, ಮಂದೆಯ ದಾರಿ ಇದೆ. ಪಟ್ಟಿ ಏನೇ ಹೇಳಲಿ, ಅರ್ಜಿಯಲ್ಲಿ ಇವನ್ನು ಬರೆಯಲು ಅಡ್ಡಿಯಿಲ್ಲ. 2023ರಲ್ಲಿ ವ್ಯಾಂಕೂವರಿನಲ್ಲಿ ಆರಂಭವಾದ ಜಾಗತಿಕ ಜೀವವೈವಿಧ್ಯ ನಿಧಿ ತನ್ನ ಹಣದ ನೂರಕ್ಕೆ 20 ಪಾಲು ಇಂಥ ಸಮುದಾಯಗಳ ಕೆಲಸಕ್ಕೆ ಹೋಗಬೇಕೆಂಬ ಗುರಿ ಇಟ್ಟುಕೊಂಡಿದೆ. ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷ ಎಂದು ಸಾರಿದೆ. ಇಷ್ಟು ಅನುಕೂಲದ ಗಾಳಿ ಕಾವಲಿನ ಕಡೆಗೆ ಹಿಂದೆಂದೂ ಬೀಸಿರಲಿಲ್ಲ.

2006ರ ನಮ್ಮ ಅರಣ್ಯ ಹಕ್ಕು ಕಾಯ್ದೆಯಲ್ಲೂ ಮೇಯಿಸುವ ಹಕ್ಕು, ಅಲೆಮಾರಿ ಮತ್ತು ಪಶುಪಾಲಕರು ಋತುವಿಗೆ ತಕ್ಕಂತೆ ನೆಲ ಬಳಸುವ ಹಕ್ಕು ಸ್ಪಷ್ಟವಾಗಿ ಬರೆದಿದೆ. ಅದು ಅರಣ್ಯ ಭೂಮಿಗೆ ಅನ್ವಯಿಸುತ್ತದೆ. ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮೊದಲಿನ 75 ವರ್ಷ ಅಲ್ಲಿದ್ದುದನ್ನು ತೋರಿಸಬೇಕು. ಅರ್ಜಿ ಶುರುವಾಗುವುದು ಗ್ರಾಮಸಭೆಯಲ್ಲಿ. ಕಾವಲಿನ ಯಾವ ಸರ್ವೆ ನಂಬರು ಯಾವ ಇಲಾಖೆಯ ಪುಸ್ತಕದಲ್ಲಿದೆ ಎಂದು ತಿಳಿಯುವುದೇ ಅದರ ಮೊದಲ ಕೆಲಸ.

ಇಲ್ಲಿ ಭಾಷೆಯ ಮಾತನ್ನೂ ಹೇಳದೆ ಇರಲಾರೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಹೊರಟ ಆಜ್ಞೆ ಅದು, ಪ್ರಾಕೃತದಲ್ಲಿದೆ. ಬರೆದವನು ಚಪಡ ಎಂಬ ಲಿಪಿಕಾರ. ತಾನು ಲಿಪಿಕಾರ ಎಂಬ ಪದವನ್ನು ಅವನು ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ. ಆ ಬಂಡೆಯ ಸುತ್ತ ದನ ಮೇಯಿಸುತ್ತಿದ್ದವರಿಗೆ ಆ ಅಕ್ಷರ ಗೊತ್ತಿದ್ದಿರಲಾರದು. ಇಂದು ಅದೇ ಬೆಟ್ಟದ ಬುಡದ ಹಳ್ಳಿಯ ಸಂಘ ಹೊರಗಿನ ನಿಧಿಯ ಅರ್ಜಿ ತೆರೆದರೆ ಪುಟಗಟ್ಟಲೆ ಇಂಗ್ಲಿಷ್. ಅರ್ಜಿ ಬರೆಯುವವರು ಹೊರಗಿನವರಾಗುತ್ತಾರೆ, ಹಟ್ಟಿಯ ಮಾತು ಅವರ ಮಾತಾಗಿ ಹೋಗುತ್ತದೆ. ಸಣ್ಣ ಅನುದಾನ ಕಾರ್ಯಕ್ರಮದ ನೆರವು ಪಡೆದ ಕೆಲವು ದೇಶಗಳಲ್ಲಿ ಸ್ಥಳೀಯ ಭಾಷೆಯಲ್ಲಿ, ಚಿತ್ರ ಬರೆದು, ವಿಡಿಯೊ ಮಾಡಿ ಅರ್ಜಿ ಕೊಡಲು ಅವಕಾಶ ಕೊಟ್ಟಿದ್ದಾರೆ. ಕನ್ನಡದಲ್ಲಿ ಬರೆದ ಅರ್ಜಿಯನ್ನು ಒಪ್ಪಿ, ಅನುವಾದದ ಹೊಣೆಯನ್ನು ನಿಧಿಯೇ ಹೊರಬೇಕೆಂದು ನಮ್ಮ ರಾಜ್ಯ ಸರ್ಕಾರ, ನಮ್ಮ ವಿಶ್ವವಿದ್ಯಾಲಯಗಳು ಗಟ್ಟಿಯಾಗಿ ಕೇಳಬೇಕಿದೆ. ಕಿಲಾರಿಯ ಮಾತು ಕಿಲಾರಿಯ ಮಾತಾಗಿಯೇ ದೆಹಲಿ ತಲುಪಬೇಕು.

ಅರ್ಜಿಗೆ ಮೊದಲೇ, ಯಾರ ಅನುಮತಿಗೂ ಕಾಯದೆ ಮಾಡಬಹುದಾದ ಒಂದು ಕೆಲಸ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ಎಷ್ಟೋ ಕಡೆ ಆ ಪುಸ್ತಕ ಗಡುವಿನ ಅವಸರದಲ್ಲಿ ತುಂಬಿ ಬೀರು ಸೇರಿದೆ. ಬೆಳೆಗಳ ಪುಟ ತುಂಬಿರುತ್ತದೆ, ಹುಲ್ಲಿನ ಪುಟದಲ್ಲಿ ಎರಡೋ ಮೂರೋ ಹೆಸರು. ಕಾವಲಿನ ಹುಲ್ಲುಗಳ ಹೆಸರು, ಯಾವುದನ್ನು ಕುರಿ ಮೊದಲು ಹುಡುಕುತ್ತದೆ, ಯಾವುದನ್ನು ಎತ್ತು ಬಿಡುತ್ತದೆ, ಯಾವುದು ಎರಡು ವರ್ಷ ಮಳೆ ತಪ್ಪಿದರೂ ಬೇರಿನಲ್ಲಿ ಉಳಿಯುತ್ತದೆ, ಮಂದೆ ಯಾವ ಹಳ್ಳ ಹಿಡಿದು ಯಾವ ತಿಂಗಳು ಹೋಗುತ್ತಿತ್ತು, ರೊಪ್ಪ ಎಲ್ಲಿ ಹಾಕುತ್ತಿದ್ದರು, ಜಾಲಿ ಯಾವ ವರ್ಷದಿಂದ ಯಾವ ಅಂಚಿನಿಂದ ಒಳಬಂತು. ಇಷ್ಟನ್ನು ಗ್ರಾಮಸಭೆಯ ಠರಾವಿನೊಡನೆ ಆ ಪುಸ್ತಕದಲ್ಲಿ ಬರೆದರೆ ನಿಧಿ ಕೇಳುವ ಜಾಗತಿಕ ಮಹತ್ವಕ್ಕೂ, ವಿಶ್ವಬ್ಯಾಂಕ್ ಕೇಳುವ ನೆಲದ ನಂಟಿಗೂ, ಅರಣ್ಯ ಹಕ್ಕಿನ ಅರ್ಜಿಗೂ ಅದೇ ಆಧಾರವಾಗುತ್ತದೆ. ಖರ್ಚು ಒಂದು ನೋಟ್‌ಬುಕ್ಕಿನದು, ಹಿರಿಯರ ಜೊತೆ ಕೂರುವ ಕೆಲವು ಸಂಜೆಗಳದು.

ಅದಕ್ಕೊಂದು ಕಾಲವಿದೆ. ಬೇಸಿಗೆಯಲ್ಲಿ ಹೋದರೆ ಒಣ ಕರಡ ಮಾತ್ರ ಸಿಗುತ್ತದೆ, ಒಂದು ಹುಲ್ಲನ್ನು ಇನ್ನೊಂದರಿಂದ ಬೇರೆ ಮಾಡುವುದು ಕಲಿತವರಿಗೂ ಕಷ್ಟ. ಹಿಂಗಾರು ಬಿದ್ದು ಕೆಲವು ವಾರ ಕಳೆದರೆ ತೆನೆ ಬಂದಿರುತ್ತದೆ, ತೆನೆ ನೋಡಿದರೆ ಹೆಸರು ಗೊತ್ತಾಗುತ್ತದೆ. ಆ ಹೊತ್ತಿಗೆ ಶಾಲೆಯ ಒಬ್ಬ ಮೇಷ್ಟ್ರು, ಪಂಚಾಯಿತಿಯ ಒಬ್ಬ ಕಾರ್ಯದರ್ಶಿ, ಕ್ಯಾಮೆರಾ ಇರುವ ಫೋನಿನ ಒಂದಿಬ್ಬರು ಹುಡುಗ ಹುಡುಗಿಯರು ಕಿಲಾರಿಯ ಹಿಂದೆ ಒಂದು ದಿನ ಕಾವಲು ಸುತ್ತಬೇಕು. ಬೆಳಿಗ್ಗೆ ಬೇಗ ಹೊರಡುವುದು ಒಳ್ಳೆಯದು. ಬಿಸಿಲೇರಿದ ಮೇಲೆ ಮಂದೆ ನೆರಳಿಗೆ ತಿರುಗುತ್ತದೆ, ಅವನೂ ಅದರ ಹಿಂದೆ ನಡೆದುಬಿಡುತ್ತಾನೆ.